ಹೊಸ ಕಂಬಳಿಯ ಹಿಮಾಲಯ

ತಂಗಿಯ ಗಂಡ ಸೈನ್ಯದಲ್ಲಿದ್ದಾನೆ. ಹೋದ ವರ್ಷ ಅವನಿಗೆ ಹಿಮಾಲಯದ ಕಡೆಯ ಒಂದೂರಲ್ಲಿ ಮನೆ ಸಿಕ್ಕಿತು, ಹೆಂಡತಿಯನ್ನು ಕಳಿಸಿ ಎಂದು ಫೋನ್ ಮಾಡಿದ. ಅದೇ ವಾರ ಆ ಕಡೆ ಭೂಮಿ ನಡುಗಿದ್ದನ್ನು ಟಿವಿಯಲ್ಲಿ ತೋರಿಸಿದರು. "ಸತ್ರೂ ನನ್ ಮಗಳ್ನ ಅಲ್ಲಿಗೆ ಕಳ್ಸಲ್ಲ" ಎಂದುಬಿಟ್ಟಳು ಅವ್ವ. ತಂಗಿ ಸರಿಯಾಗಿ ಉಣ್ಣುವುದನ್ನೇ ಬಿಟ್ಟಳು.

ನಾನು ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಲ್ಲಿ ಹೈಸ್ಕೂಲ್ ಮೇಷ್ಟರು. ಗೊತ್ತಿರುವುದನ್ನು ಹೇಳದೆ ಸುಮ್ಮನಿದ್ದರೆ ನನಗೆ ಅನ್ನ ಅರಗುವುದಿಲ್ಲ. ಭಾನುವಾರ ಚಳ್ಳಕೆರೆಯ ಮನೆಗೆ ಬಂದವನೇ ಅವ್ವನ ಮುಂದೆ ಕೂತೆ. ಭೂಮಿಯ ಮೇಲ್ಪದರ ಒಂದೇ ಹಾಸಲ್ಲ, ದೊಡ್ಡ ದೊಡ್ಡ ಚಪ್ಪಡಿಗಳು. ನಾವಿರುವ ಚಪ್ಪಡಿ ಉತ್ತರಕ್ಕೆ ಸರಿದು ಆಚೆಯ ಚಪ್ಪಡಿಯ ಅಡಿಗೆ ತೂರುತ್ತಿದೆ. ಆ ಒತ್ತಡಕ್ಕೇ ಹಿಮಾಲಯ ಎದ್ದಿರುವುದು. ವರ್ಷಕ್ಕೆ ಒಂದೆರಡು ಬೆರಳಗಲ ಅಷ್ಟೇ, ಹೆದರಬೇಡ ಎಂದೆ.

"ಬಾಯಲ್ಲಿ ಹೇಳ್ಬೇಡ, ತೋರ್ಸು."

ನಮ್ಮದು ಕಂಬಳಿ ನೇಯುವ ಮನೆ. ಹಳೆಯ ಕಂಬಳಿ ತಂದಿದ್ದರೆ ಮೆತ್ತಗೆ ಮಡಿಕೆ ಬಿದ್ದು ಬೆಟ್ಟ ಏಳುತ್ತಿತ್ತು. ನಾನು ಪುಣ್ಯಾತ್ಮ, ಆಗಷ್ಟೇ ಮಗ್ಗದಿಂದ ಇಳಿದ ಎರಡು ಹೊಸ ಕಂಬಳಿ ಎಳೆದು ತಂದೆ. ನೂಲಿಗೆ ಹುಣಸೆಬೀಜದ ಗಂಜಿ ಬಳಿದು ನೇಯುವುದರಿಂದ ಹೊಸ ಕಂಬಳಿ ಹಲಗೆಯಷ್ಟು ಬಿರುಸು. ಒಂದರ ಅಂಚನ್ನು ಇನ್ನೊಂದರ ಅಡಿಗೆ ತೂರಿಸಿ, ಮೇಲಿನದರ ಮೇಲೆ ತಂಗಿಯ ಮನೆಯೆಂದು ಸ್ಟೀಲ್ ಲೋಟ ಇಟ್ಟು ತಳ್ಳಿದೆ. ಉಣ್ಣೆಗೆ ಉಣ್ಣೆ ಕಚ್ಚಿಕೊಂಡು ಅಲ್ಲಾಡಲಿಲ್ಲ. ಜೋರಾಗಿ ತಳ್ಳಿದೆ. ತಟ್ಟನೆ ಜಾರಿ ನೆಗೆಯಿತು, ಲೋಟ ಠಣ್ಣೆಂದು ಉರುಳಿಹೋಯಿತು. ಭೂಕಂಪವೂ ಥೇಟ್ ಹೀಗೆಯೇ: ಕಚ್ಚಿಕೊಂಡದ್ದು ಒಮ್ಮೆಲೇ ಬಿಡುವುದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

"ನಿನ್ ಪಾಠಕ್ ಬೆಂಕಿ ಬೀಳ! ಇದೇನೋ ನೀನ್ ಹೇಳೋ ಧೈರ್ಯ?" ಅವ್ವ ಎದೆ ಹಿಡಿದುಕೊಂಡಳು. ನನಗೆ ನಾಚಿಕೆಯಾಯಿತು.

ತಂಗಿ ಎದ್ದು ಲೋಟವನ್ನು ತಂದು ಅದೇ ಜಾಗದಲ್ಲಿಟ್ಟಳು. "ಅಲ್ಲೂ ಜನ ಬಾಳ್ವೆ ಮಾಡ್ತಾರೆ ಕಣವ್ವ. ಅವ್ರೊಬ್ರೇ ಅದಾರೆ ಅಲ್ಲಿ" ಎಂದಳು.

ಅವ್ವ ಕೆಳಗಿನ ಕಂಬಳಿಯ ಈಚೆ ತುದಿಯನ್ನು ಮುಟ್ಟಿ ಕೇಳಿದಳು: "ನಮ್ ಮನೆ ಇದ್ರ ಮ್ಯಾಲೇ ಐತಾ?"

"ಹೂಂ."

"ಇದು ಅವಳ್ ಕಡೀಗೇ ಹೋಗ್ತೈತಾ?"

"ದಿನಾ ಹೋಗ್ತೈತವ್ವ. ಕಾಣಲ್ಲ, ಅಷ್ಟೇ."

ಹೊರಡುವ ದಿನ ಅವ್ವನೇ ತಂಗಿಗೆ ಮಡಲಕ್ಕಿ ತುಂಬಿದಳು. ಸೆರಗಿಗೆ ಅಕ್ಕಿ ಸುರಿದು ಗಂಟು ಕಟ್ಟಿದಳು.

"ನೀನ್ ನಡಿ ಮಗಳೇ," ಎಂದಳು, "ನಾವೂ ಹಿಂದಿಂದೇ ಬರ್ತಾ ಇದೀವಿ."