ನೀಲಮ್ಮ ವೈನಿಯ ಕಡ್ಡಿ ಬರ್ಫ

ಮೊನ್ನೆ ಬಾಗಿಲ ಚೌಕಟ್ಟು ಸರಿಮಾಡಲು ಬಂದಿದ್ದ ಬಡಿಗ ಮಧ್ಯಾಹ್ನ ಊಟಕ್ಕೆಂದು ಎದ್ದು ಹೋದ. ಅಂಗಳ ಕಾದು ಹಂಚಾಗಿದೆ ಎಂದು ಮೊಮ್ಮಗಳು ಒಂದು ಕೊಡ ನೀರು ಚೆಲ್ಲಿದಳು. ಆ ನೀರು ಹರಿದು ಅವನು ಬಿಟ್ಟುಹೋಗಿದ್ದ ಕಟ್ಟಿಗೆ ಹೊಟ್ಟಿನ ಗುಡ್ಡೆಯನ್ನು ತೋಯಿಸಿತು. ಹಸಿ ಹೊಟ್ಟಿನ ವಾಸನೆ ಒಳಗೆ ಮಲಗಿದ್ದ ನನ್ನ ಮೂಗಿಗೆ ಬಂದದ್ದೇ ಎದ್ದು ಕೂತೆ. ಈ ವಯಸ್ಸಿನಲ್ಲಿ ಮಲಗುವುದೂ ಒಂದು ಕೆಲಸ, ಏಳುವುದೂ ಒಂದು ಕೆಲಸ. ನೆನಪು ಬಂತೆಂದು ಹಿಗ್ಗುವ ಕಾಲ ನನಗೆ ಮುಗಿದಿದೆ. ಈಗ ನೆನಪು ಬಂದರೆ ಮೈ ಇನ್ನಷ್ಟು ಭಾರವಾಗುತ್ತದೆ. ಆದರೂ ಹೊಟ್ಟಿನ ಹಿಂದೆಯೇ ಹಸಿ ಗೋಣಿಯ ವಾಸನೆ ಬಂತು, ಅದರ ಹಿಂದೆ ಹಣ್ಣಾದ ಕರಬೂಜದ್ದು. ಇಂಥದೊಂದು ವಾಸನೆ ನಿಮ್ಮ ಮನೆಯದ್ದೂ ಇರಬಹುದು. ಅದು ಯಾವಾಗ ಬರುತ್ತದೆಂದು ಹೇಳಲಾಗುವುದಿಲ್ಲ, ಬಂದಾಗ ಬೇಡವೆನ್ನಲೂ ಆಗುವುದಿಲ್ಲ.

ಯಾದಗಿರಿಯಲ್ಲಿ ಭೀಮಾ ನದಿಗೆ ಇಳಿಯುವ ಓಣಿಯ ಕೊನೆಯ ಮನೆ ನಮ್ಮದಾಗಿತ್ತು. ಈಗ ಅಲ್ಲಿ ಮನೆಯೂ ಇಲ್ಲ, ಆ ಓಣಿಯೂ ಇಲ್ಲ. ಮಣ್ಣಿನ ಮಾಳಿಗೆ, ಮುಂದೆ ಒಂದು ಕಟ್ಟೆ, ಹಿತ್ತಿಲಲ್ಲಿ ಬೇವಿನ ಮರ. ಮಳೆಗಾಲದ ನೀರು ಇಳಿದು ಉಸುಕು ಮೇಲೆದ್ದ ಮೇಲೆ ಅಪ್ಪ ಮತ್ತು ಅವನ ತಮ್ಮ ಕಾಕಾ ನದಿಯ ಪಾತ್ರದಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ, ಕರಬೂಜ ಮತ್ತು ಕಲ್ಲಂಗಡಿ ಬೀಜ ಊರುತ್ತಿದ್ದರು. ಶಿವರಾತ್ರಿ ದಾಟುವುದರೊಳಗೆ ಉಸುಕಿನ ತುಂಬ ಹಣ್ಣು. ನಾನು ನಡೆಯಲು ಕಲಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ಹಾಗಾಗಿ ಮನೆಯ ಯಜಮಾನಿಕೆ ಅಪ್ಪನ ತಾಯಿಯದು, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿಯದು. ನನಗಿಂತ ಹದಿಮೂರು ವರ್ಷ ದೊಡ್ಡವನಾದ ಅಣ್ಣ ಬಂಡಿ ಹೂಡಿಕೊಂಡು ಸ್ಟೇಷನ್ನಿಗೆ ಮಾಲು ಹಾಕುತ್ತಿದ್ದ. ಹೆಣ್ಣು ಮಗು ಎಂದರೆ ನಾನೊಬ್ಬಳೇ, ಗಂಗೂ.

ರಜಾಕಾರರ ಗಲಾಟೆಯ ವರ್ಷ, ಒಂದು ಮುಂಜಾನೆ ಕಾಕಾ ಜೋಳ ತರುತ್ತೇನೆಂದು ಸುರಪುರದ ಕಡೆ ಹೋದವನು ತಿರುಗಿ ಬರಲಿಲ್ಲ. ರಂಗಂಪೇಟೆಯಲ್ಲಿ ಅವನನ್ನು ಕಂಡೆನೆಂದು ಒಬ್ಬರು ಹೇಳಿದರು, ಅಲ್ಲಿಗೆ ಅವನು ಮುಟ್ಟಲೇ ಇಲ್ಲವೆಂದು ಇನ್ನೊಬ್ಬರು ಹೇಳಿದರು. ಕೆಲವೇ ವಾರಗಳಲ್ಲಿ ಭಾರತದ ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಶಾಲೆಯ ಮೇಲೆ ಹೊಸ ಬಾವುಟ ಏರಿತು; ಉರ್ದು ಬರೆದಿದ್ದ ಹಲಗೆಗೆ ಸುಣ್ಣ ಬಳಿದು ಕನ್ನಡ ಬರೆದರು. ಊರು ಕುಣಿದಾಡಿತೆಂದು ದೊಡ್ಡವರು ಹೇಳುತ್ತಿದ್ದರು. ನನಗೆ ನೆನಪಿರುವುದು ದಣಿವು. ಅಡಗಿಕೊಂಡವರು, ಊರು ಬಿಟ್ಟವರು ಒಬ್ಬೊಬ್ಬರಾಗಿ ಮರಳಿ ಬಂದು, ಗಂಟು ಇಳಿಸಿ, ಕಟ್ಟೆಯ ಮೇಲೆ ಸುಮ್ಮನೆ ಕೂತುಬಿಡುತ್ತಿದ್ದರು. ಯಾರಿಗೂ ಯಾರನ್ನೂ ಏನೂ ಕೇಳುವ ತ್ರಾಣ ಇರಲಿಲ್ಲ. ಆಯಿ ಮಾತ್ರ ಬಂದವರನ್ನೆಲ್ಲ ಒಂದೊಂದು ಸಲ ಕಾಕಾನ ಸುದ್ದಿ ಕೇಳಿದಳು. ಆಮೇಲೆ ಅವಳೂ ಕೇಳುವುದು ಬಿಟ್ಟು ಮಲಗಿದಳು.

ನೀಲಮ್ಮ ವೈನಿ ಅಣ್ಣನ ಹೆಂಡತಿಯಾಗಿ ನಮ್ಮ ಮನೆಗೆ ಬಂದದ್ದು ಆ ಚಳಿಗಾಲದಲ್ಲೇ. ಗಲಾಟೆಯಿಂದಾಗಿ ಎರಡು ಸಲ ಮುಂದೆ ಹೋಗಿದ್ದ ಮದುವೆ, ವಾಲಗವಿಲ್ಲದೆ ಮುಗಿಸಿದರು. ಅವಳ ತವರು ವಾಡಿ. ತಂದೆ ಅಲ್ಲಿ ರೈಲಿನ ದೊಡ್ಡ ಡಬ್ಬಿಗಳಿಗೆ ತಂಪಿಗೆಂದು ಮಂಜುಗಡ್ಡೆ ಏರಿಸುವ ಕೆಲಸದಲ್ಲಿದ್ದ. ಮಂಜುಗಡ್ಡೆಯನ್ನು ನಮ್ಮ ಕಡೆ ಎಲ್ಲರೂ ಬರ್ಫ ಅನ್ನುವುದು. ಅವಳ ಟ್ರಂಕಿನಲ್ಲಿ ನಾಲ್ಕು ಸೀರೆಗಳ ಕೆಳಗೆ ಎಂಟು ತಗಡಿನ ನಳಿಗೆಗಳಿದ್ದವು. ಮೇಲೆ ಅಗಲ, ಕೆಳಗೆ ಚೂಪು, ಪ್ರತಿಯೊಂದಕ್ಕೂ ಒಂದು ಮುಚ್ಚಳ. ಇವೇನೆಂದು ನಾನು ಕೇಳಿದರೆ, “ಬ್ಯಾಸಗಿ ಬರಲಿ, ಹೇಳ್ತೀನಿ” ಎಂದು ನಕ್ಕಳು. ನಮ್ಮ ಮನೆಯಲ್ಲಿ ಯಾರೋ ನಕ್ಕದ್ದು ಎಷ್ಟೋ ದಿನಗಳ ಮೇಲೆ. ನಾನು ತಿರುಗಿ ಆಯಿಯ ಕಡೆ ನೋಡಿದ್ದೆ, ಬೈಯುತ್ತಾಳೇನೋ ಎಂದು.

ಬೇಸಿಗೆ ಬಂತು. ಹೈದರಾಬಾದಿನ ಕಡೆಯಿಂದ ಬರುವ ಗಾಡಿಯಲ್ಲಿ ಬರ್ಫದ ಗಡ್ಡೆಗಳನ್ನು ಹೊಟ್ಟಿನಲ್ಲಿ ಹುಗಿದು, ಗೋಣಿಯಲ್ಲಿ ಸುತ್ತಿ ನಮ್ಮ ಸ್ಟೇಷನ್ನಿಗೆ ಇಳಿಸುತ್ತಿದ್ದರು. ಒಂದು ದಿನ ಅಣ್ಣ ಅದರದೊಂದು ತುಂಡನ್ನು ಬಂಡಿಯಲ್ಲಿ ಹಾಕಿಕೊಂಡು ತಂದ. ವೈನಿ ಆಗಲೇ ಕರಬೂಜದ ತಿರುಳನ್ನು ಬೆಲ್ಲದ ಜೊತೆ ಕಿವುಚಿ ಇಟ್ಟಿದ್ದಳು. ಅದನ್ನು ನಳಿಗೆಗೆ ತುಂಬಿ, ಮುಚ್ಚಳ ಹಾಕಿ, ಅಂಚಿಗೆ ನಾದಿದ ಹಿಟ್ಟು ಮೆತ್ತಿದಳು. ಗೋಣಿಯನ್ನು ಒನಕೆಯಿಂದ ಜಜ್ಜಿ ಬರ್ಫವನ್ನು ಪುಡಿಮಾಡಿ, ದೊಡ್ಡ ಮಣ್ಣಿನ ಹರವಿಗೆ ಸುರಿದು, ಹರಳುಪ್ಪು ತೂರಿ, ನಳಿಗೆಗಳನ್ನು ಅದರೊಳಗೆ ನಿಲ್ಲಿಸಿ ತಿರುವತೊಡಗಿದಳು. ನಡುವೆ ಒಮ್ಮೆ ಮುಚ್ಚಳ ತೆಗೆದು, ಹಳೆಯ ಬುಟ್ಟಿಯಿಂದ ಬಿಚ್ಚಿದ ಬಿದಿರ ಕಡ್ಡಿಗಳನ್ನು ಚುಚ್ಚಿ, ಮತ್ತೆ ಮುಚ್ಚಿ ಮೇಲೆ ಕಂಬಳಿ ಹೊದಿಸಿದಳು. ಓಣಿಯ ಹುಡುಗರೆಲ್ಲ ಹಿತ್ತಿಲಿಗೆ ಬಂದು ಕೂತಿದ್ದವು. ಮೊದಲನೆಯದನ್ನು ಅಂಗೈಗಳ ನಡುವೆ ಉರುಳಿಸಿ ಹೊರಗೆಳೆದವಳು ತಾನೇ ಅದರ ತುದಿಯನ್ನು ಕಟಕ್ಕನೆ ಕಚ್ಚಿದಳು. ನಮ್ಮ ಬಿಟ್ಟ ಬಾಯಿ ನೋಡಿ, “ಮಾಡ್ದಾಕಿ ನೋಡಬೇಕಲ್ಲ, ಆಗ್ಯಾದೋ ಇಲ್ಲೋ ಅಂತ” ಎಂದಳು. ಆಮೇಲೆ ನನ್ನ ಕೈಗೆ ಒಂದು ಬಂತು. ನಾಲಿಗೆ ಅಂಟಿಕೊಂಡಿತು, ಹಲ್ಲು ಜುಂ ಎಂದವು, ಹಣೆಯೊಳಗೆ ನೋವು ಹೊಕ್ಕಿತು, ನೋವಿನ ಹಿಂದಿನಿಂದ ಕರಬೂಜದ ಸಿಹಿ ಮೆಲ್ಲಗೆ ಇಳಿಯಿತು.

ಒಳಗಿನಿಂದ ಆಯಿಯ ದನಿ ಬಂತು. “ಮನಿ ಮಗ ಎಲ್ಲಿ ಬಿದ್ದಾನೋ ಗೊತ್ತಿಲ್ಲ, ನಿಮಗ ನಾಲಿಗಿ ತಂಪು ಬೇಕಾಗ್ಯಾದೇನ?” ಕೂಗಿ ಹೇಳಲಿಲ್ಲ; ಕೂಗುವ ಶಕ್ತಿ ಅವಳಿಗಿರಲಿಲ್ಲ. ಹುಡುಗರೆಲ್ಲ ಕಡ್ಡಿ ಹಿಡಿದುಕೊಂಡೇ ಗೋಡೆಯ ಆಚೆ ಸರಿದವು. ಅಪ್ಪ ತಲೆ ತಗ್ಗಿಸಿ ನದಿಯ ಕಡೆ ಹೋದ. ವೈನಿ ಬಾಗಿಲಲ್ಲಿ ನಿಂತು, “ಹುಡುಗ್ರು ಬಿಸಿಲಾಗ ಬೇಯಾಕತ್ತಾವ್ರಿ ಆಯಿ, ಅದಕ್ಕ ಮಾಡೀನ್ರಿ” ಎಂದಳು. ಒಂದು ಕಡ್ಡಿ ಬರ್ಫವನ್ನು ತಟ್ಟೆಯಲ್ಲಿಟ್ಟು ಆಯಿಯ ಹಾಸಿಗೆಯ ಪಕ್ಕ ಇಟ್ಟು ಬಂದಳು. ಅದು ಕರಗಿ ನೀರಾಯಿತು, ಸಂಜೆ ಇರುವೆ ಮುತ್ತಿದವು. ಅಣ್ಣ ಬರ್ಫ ತಂದ ಮುಂದಿನ ಸಲವೂ ಹಾಗೆಯೇ ಆಯಿತು, ಅದರ ಮುಂದಿನ ಸಲವೂ. ವೈನಿ ತಟ್ಟೆ ಇಡುವುದನ್ನು ಬಿಡಲಿಲ್ಲ, ಆಯಿ ಮುಟ್ಟಲಿಲ್ಲ.

ವೈಶಾಖದಲ್ಲಿ ಆಯಿಗೆ ಬಿಸಿಲು ಬಡಿದು ಜ್ವರ ಬಂತು. ಎರಡು ದಿನ ನೀರು ಬಾಯಿಗಿಡಲಿಲ್ಲ. ಹಲ್ಲು ಕಚ್ಚಿ ಹಿಡಿದಿದ್ದಳು. ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಬಂದು ನೋಡಿದವರು ಹೊರಗೆ ಹೋಗಿ ಅಪ್ಪನ ಭುಜ ಮುಟ್ಟಿ ಹೊರಟುಬಿಡುತ್ತಿದ್ದರು. ಅವಳು ಹೋಗಲು ನಿಶ್ಚಯಿಸಿದ್ದಾಳೆಂದು ಏಳು ವರ್ಷದ ನನಗೂ ತಿಳಿದಿತ್ತು. ಅಣ್ಣ ಸ್ಟೇಷನ್ನಿಗೆ ಓಡಿ ಬರ್ಫ ತಂದ. ವೈನಿ ಒಂದಿಷ್ಟನ್ನು ಅರಿವೆಯಲ್ಲಿ ಕಟ್ಟಿ ಹಣೆಯ ಮೇಲಿಟ್ಟಳು, ಉಳಿದದ್ದರಲ್ಲಿ ಕರಬೂಜದ ನಳಿಗೆಗಳನ್ನು ಹೂತಳು. ಆದ ಮೇಲೆ ಕಡ್ಡಿ ಹಿಡಿದು ಆಯಿಯ ತುಟಿಗೆ ಒತ್ತಿ, “ಆಯಿ, ಬಾಯಿ ತೆಗೀರಿ. ನನಗ ಬೈಯಾಕಾದ್ರೂ ತೆಗೀರಿ” ಎಂದಳು. ಎಷ್ಟು ಹೊತ್ತು ಹಾಗೇ ಕೂತಿದ್ದಳೋ. ಹನಿಗಳು ಆಯಿಯ ಗದ್ದದ ಮೇಲೆ, ಕುತ್ತಿಗೆಯ ಮೇಲೆ ಇಳಿಯುತ್ತಿದ್ದವು. ಕೊನೆಗೆ ತುಟಿ ಸ್ವಲ್ಪ ಬಿಚ್ಚಿತು. ನಾಲಿಗೆ ಹೊರಬಂದು ಒಮ್ಮೆ ನೆಕ್ಕಿತು. ಆಮೇಲೆ ಕೂಸು ಚೀಪಿದ ಹಾಗೆ ಚೀಪತೊಡಗಿದಳು.

ಅರ್ಧ ಮುಗಿದಾಗ ಆಯಿ ಕಣ್ಣು ತೆರೆದಳು. “ನೀಲಾ, ಅವಂಗ ಕೊನಿಗಿ ಯಾರರೆ ಒಂದು ಗುಟುಕು ನೀರು ಕುಡಿಸಿರ್ತಾರೇನ?” ಎಂದು ಕೇಳಿದಳು. ಕಾಕಾ ಸತ್ತಿದ್ದಾನೆಂದು ನಮ್ಮ ಮನೆಯಲ್ಲಿ ಮೊದಲು ಆಡಿದವಳು ಅವಳೇ. ಬೇರೆ ಯಾರಾದರೂ ಆಗಿದ್ದರೆ, ಹೌದು ಕುಡಿಸಿರುತ್ತಾರೆ ಎಂದು ಸಮಾಧಾನ ಹೇಳುತ್ತಿದ್ದರು. ವೈನಿ, “ಗೊತ್ತಿಲ್ರಿ ಆಯಿ” ಎಂದಳು. ಆಯಿ ಅವಳ ಮೊಣಕೈ ಹಿಡಿದುಕೊಂಡು ಅತ್ತಳು. ಎಂಟು ತಿಂಗಳಿಂದ ಅಳದೆ ಉಳಿದದ್ದೆಲ್ಲ ಆ ಒಂದು ಮಧ್ಯಾಹ್ನ ಹೊರಗೆ ಬಂತು. ಅಪ್ಪ ಹಿತ್ತಿಲಲ್ಲಿ ಬೇವಿನ ಮರ ಹಿಡಿದು ನಿಂತಿದ್ದ. ವೈನಿ ಎಡಗೈಯಿಂದ ಆಯಿಯ ಬೆನ್ನು ಸವರುತ್ತ, ಬಲಗೈಯಲ್ಲಿ ಕರಗುತ್ತಿದ್ದ ಕಡ್ಡಿಯನ್ನು ಹಾಗೇ ಹಿಡಿದಿದ್ದಳು. ಅದರ ರಸ ಅವಳ ಬಳೆಗಳ ಮೇಲೆ ಹರಿಯುತ್ತಿತ್ತು.

ಆಯಿ ಉಳಿದಳು. ಮುಂದಿನ ಬೇಸಿಗೆಗಳಲ್ಲಿ, “ಬರ್ಫ ಯಾವಾಗ ತರ್ತಾನಂತ?” ಎಂದು ನಮಗಿಂತ ಮೊದಲು ಕೇಳುವವಳು ಅವಳೇ ಆದಳು. ಕರಬೂಜ ಮುಗಿದರೆ ದೋರನಹಳ್ಳಿಯ ನೆಂಟರ ಮಾವಿನಹಣ್ಣು, ಅದೂ ಮುಗಿದರೆ ನೇರಳೆ. ನೇರಳೆಯದು ತಿಂದ ದಿನ ಓಣಿಯ ಎಲ್ಲರ ನಾಲಿಗೆಯೂ ನೀಲಿ. ಹೊಲ, ನೀರು, ರೊಟ್ಟಿ, ದನ, ಎಲ್ಲ ಮುಗಿಸಿ ಬಂದು ವೈನಿ ಹರವಿಯ ಮುಂದೆ ಕೂತರೆ ತಿರುವುತ್ತ ತಿರುವುತ್ತ ಅವಳ ಕಣ್ಣು ಮುಚ್ಚಿಹೋಗುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ನಾನು ಅವಳ ತೊಡೆಗೆ ಒರಗಿ ಕೂತಿರುತ್ತಿದ್ದೆ. ಹೀಗೆ ಐದು ಬೇಸಿಗೆ ಕಳೆದವು, ಆರನೆಯದೂ ಬಂತು. ಆ ವರ್ಷ ಯುಗಾದಿಯ ಹೊತ್ತಿಗೆ ಅವಳಿಗೊಂದು ಹೆಣ್ಣು ಕೂಸು ಹುಟ್ಟಿತು, ಚಂದ್ರಿ. ಮಳೆಗಾಲದಲ್ಲಿ ನದಿ ತುಂಬಿ ಬಂದಿದ್ದಾಗ ವೈನಿಗೆ ಜ್ವರ ಹಿಡಿಯಿತು. ಹತ್ತು ದಿನ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಅವಳ ವಯಸ್ಸು. ಅಣ್ಣ ಸ್ಟೇಷನ್ನಿಗೆ ಓಡಿದ, ಆದರೆ ಮಳೆಗಾಲದಲ್ಲಿ ಬರ್ಫ ಇಳಿಯುತ್ತಿರಲಿಲ್ಲ.

ವೈನಿ ಹೋದ ಮೇಲೆ ಎರಡು ಬೇಸಿಗೆ ನಮ್ಮ ಮನೆಯಲ್ಲಿ ಯಾರೂ ಬರ್ಫದ ಮಾತೆತ್ತಲಿಲ್ಲ. ಮನೆಗೆಲಸವೆಲ್ಲ ನನ್ನ ಮೇಲೆ ಬಿತ್ತು. ಹನ್ನೆರಡು ವರ್ಷಕ್ಕೆ ಬಂದ ಆ ದಣಿವು ಆಮೇಲೆ ನನ್ನನ್ನು ಬಿಟ್ಟು ಹೋದದ್ದೇ ಇಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರು ಬೇಸಿಗೆ, ಚಂದ್ರಿಗೆ ಮೂರು ತುಂಬಿತ್ತು, ನನಗೆ ಮದುವೆ ಗೊತ್ತಾಗಿತ್ತು. ಒಂದು ದಿನ ಆಯಿ ಇದ್ದಕ್ಕಿದ್ದಂತೆ ಅಣ್ಣನಿಗೆ, “ನಾಳಿ ಬರ್ಫ ತಗೊಂಡು ಬಾ” ಎಂದಳು. ಅಣ್ಣ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, “ಯಾರ್ ಮಾಡ್ತಾರ ಆಯಿ?” ಎಂದ. “ನಾ ಅದೀನಲ್ಲ. ಆ ಕೂಸು ಅವರವ್ವನ ಕೈದು ಏನೂ ತಿಂದಿಲ್ಲ.” ಮರುದಿನ ಆಯಿ ತಾನೇ ಟ್ರಂಕು ತೆಗೆದು ನಳಿಗೆಗಳನ್ನು ತೊಳೆದಳು, ತಾನೇ ಕರಬೂಜ ಕಿವುಚಿದಳು. ನಾನು ಕೈ ಹಾಕಲು ಹೋದರೆ ಸರಿಸಿದಳು. ಮುದಿ ಕೈಯಲ್ಲಿ ಹಿಟ್ಟು ಮುಚ್ಚಳದ ಅಂಚಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಹರವಿಯ ಮುಂದೆ ಬಗ್ಗಿ ಕೂತು ತಿರುವಿದಳು. ಸುದ್ದಿ ತಿಳಿದ ಓಣಿಯ ಹುಡುಗರು ಮತ್ತೆ ಹಿತ್ತಿಲಿಗೆ ಬಂದವು.

ನಳಿಗೆಯಿಂದ ಹೊರಗೆ ಬಂದಾಗ ಗಟ್ಟಿಯಾಗಿಯೇ ಇದ್ದವು, ಬಣ್ಣವೂ ಅದೇ. ಆಯಿ ಮೊದಲನೆಯದನ್ನು ಚಂದ್ರಿಗೆ ಕೊಟ್ಟು, ಉಳಿದದ್ದನ್ನು ಹಂಚಿದಳು. ನಾನು ಕಚ್ಚಿದೆ. ಬಾಯಿ ತುಂಬ ಉಪ್ಪು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡವು. “ಹೆಂಗ ಅದ?” ಎಂದಳು ಆಯಿ. “ಚಲೋ ಅದ ಆಯಿ” ಎಂದಿತು ಒಂದು. “ಭಾಳ ಸಿಹಿ ಅದ” ಎಂದಿತು ಇನ್ನೊಂದು. ಆಯಿ ತನ್ನ ಕಡ್ಡಿಯನ್ನು ಬಾಯಿಗಿಟ್ಟಳು. ಕಡ್ಡಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ, “ನೀ ಆಕಿ ಬಗಲಾಗೇ ಕೂಡ್ತಿದ್ದೆಲ್ಲ ಗಂಗೂ. ಆಕಿ ಏನ್ ಮಾಡ್ತಿದ್ಲು ಹೇಳು, ಉಪ್ಪು ಒಳಗ ಹೋಗಲಾರ್ದಂಗ?” ಎಂದಳು. ನನಗೆ ಗೊತ್ತಿರಲಿಲ್ಲ. ಆರು ಬೇಸಿಗೆ ಅವಳ ತೊಡೆಗೆ ಒರಗಿ ಕೂತವಳು, ಕಂಬಳಿ ಯಾವಾಗ ಸರಿಯುತ್ತದೆ, ನನ್ನ ಪಾಲು ಯಾವಾಗ ಬರುತ್ತದೆ ಎಂಬುದನ್ನಷ್ಟೇ ನೋಡುತ್ತಿದ್ದೆ. ಅವಳ ಕೈಗಳನ್ನು ನೋಡಿರಲಿಲ್ಲ.

ಆಯಿ ಚಂದ್ರಿಯ ಕಡೆ ಕೈ ಚಾಚಿ, “ಕೊಡು ಕೂಸ, ಉಪ್ಪಾಗ್ಯಾದ, ಉಗುಳಿಬಿಡು” ಎಂದಳು. ಚಂದ್ರಿ ಕೊಡಲಿಲ್ಲ. ಎರಡೂ ಕೈಯಲ್ಲಿ ಕಡ್ಡಿ ಹಿಡಿದು, ನಮ್ಮೆಲ್ಲರಿಗೂ ಬೆನ್ನು ತಿರುಗಿಸಿ ಕೂತು, ಕೊನೆಯ ಹನಿಯವರೆಗೂ ಚೀಪಿದಳು. ಅವಳಿಗೆ ಬೇರೆ ರುಚಿ ಗೊತ್ತಿರಲಿಲ್ಲ.