ನೆರಳು ಬೀಳದಂತೆ ನಿಂತವಳು

ಪ್ರೇಮಾ, ಆ ದಿನ ಮಾಕಳಿಯಲ್ಲಿ ನನ್ನ ಮೈಮೇಲೆ ಯಾರೂ ಬಂದಿರಲಿಲ್ಲ. ಅಮ್ಮನೂ ಬಂದಿರಲಿಲ್ಲ, ಗಾಳಿಯೂ ಸೋಕಿರಲಿಲ್ಲ. ಕೂದಲು ಬಿಚ್ಚಿಕೊಂಡು ತೂಗಾಡಿದ್ದು ನಾನು, ಗಡಗಡ ನಡುಗಿದ್ದು ನಾನು, ನಿನ್ನ ಹೆಸರು ಹೇಳಿದ್ದೂ ನಾನೇ — ಪೂರ್ತಿ ಎಚ್ಚರದಲ್ಲಿ, ಎದುರಿಗಿಟ್ಟ ನಿಂಬೆಹಣ್ಣಿನ ಮೇಲೆ ಕೂತ ನೊಣವನ್ನು ನೋಡುತ್ತಾ.

ಇಷ್ಟನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು. ನನ್ನ ಮಗಳು ಎರಡನೇ ಕ್ಲಾಸಿಗೆ ಬಂದಿದ್ದಾಳೆ. ನೀನು ಅವಳ ಸೋದರತ್ತೆ. ಒಂದು ಸಲವೂ ಅವಳನ್ನು ಎತ್ತಿಕೊಂಡಿಲ್ಲ. ಯಾಕೆ ಅಂತ ನಮ್ಮಿಬ್ಬರಿಗೂ ಗೊತ್ತು. ಆದರೆ ನಿನಗೆ ಗೊತ್ತಿರುವುದು ಸುಳ್ಳು.

ಯಶವಂತಪುರದ ಆ ಮನೆಯಲ್ಲಿ ಗಂಡನ ಏಟು ತಾಳಲಾರದೆ, ಒಂದು ಬ್ಯಾಗು ಹಿಡಿದುಕೊಂಡು ಯಲಹಂಕದ ನಮ್ಮ ಮನೆಗೆ ನೀನು ಬಂದಾಗ ನಾನು ಬಸುರಿ. ಬಾ ಅಂತ ಬಾಯಿತುಂಬಾ ಕರೆದೆ, ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ನಿನ್ನಣ್ಣ ಕೆಲಸದಿಂದ ಬಂದ ತಕ್ಷಣ ಮೊದಲು ನಿನ್ನ ಮುಖ ನೋಡುತ್ತಿದ್ದರು. ನಿಮ್ಮಮ್ಮ — ನನ್ನ ಅತ್ತೆ — ನಿನಗಾಗಿ ಎರಡನೇ ಸಲ ಚಪಾತಿ ಲಟ್ಟಿಸುತ್ತಿದ್ದರು. ಇಷ್ಟು ಸಣ್ಣ ವಿಷಯಕ್ಕಾ ಅಂತ ನೀನು ಕೇಳಬಹುದು. ಹೌದು, ಇಷ್ಟಕ್ಕೇ. ನನ್ನ ಬುದ್ಧಿಯೇ ಅಷ್ಟು.

ಆಮೇಲೆ ಆ ಕೊಡ. ಬೋರ್‌ವೆಲ್ ಕೈಕೊಟ್ಟು ಟ್ಯಾಂಕರ್ ನೀರು ತರಿಸಿದ್ದ ದಿನ ನಾನು ಬಗ್ಗಿ ತುಂಬಿದ ಕೊಡ ಎತ್ತಿದೆ. ನೀನು ಸಹಕಾರನಗರದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೊರಟವಳು ಓಡಿ ಬಂದೆ.

"ಅತ್ತಿಗೆ, ಇಡ್ರೀ ಅದನ್ನ! ನಾನ್ ತರ್ತೀನಿ."

"ಸುಮ್ನಿರೇ. ನಾನೇನ್ ಗಾಜಿನ ಗೊಂಬೆನಾ?"

ಅದಾದ ಎರಡು ದಿನಕ್ಕೆ ನನ್ನ ಹೊಟ್ಟೆ ಖಾಲಿಯಾಯಿತು. ಇದು ಯಾರ ತಪ್ಪೂ ಅಲ್ಲಮ್ಮ, ಕೆಲವು ಸಲ ಹೀಗಾಗುತ್ತೆ ಅಂತ ಡಾಕ್ಟರು ಹೇಳಿದರು. ನಾನು ನಂಬಲಿಲ್ಲ. ಕೊಡ ಎತ್ತಿದ್ದನ್ನು ಕಂಡವಳು ನೀನೊಬ್ಬಳೇ. ನೀನು ಯಾರ ಹತ್ತಿರವೂ ಹೇಳಲಿಲ್ಲ — ಪುಣ್ಯಾತ್ಗಿತ್ತಿ, ನನ್ನ ಹತ್ತಿರವೂ ಆಡಲಿಲ್ಲ. ಅದೇ ನನಗೆ ಹೆದರಿಕೆಯಾಯಿತು. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಅಂತ ನಿನ್ನ ತುಟಿಯನ್ನೇ ನೋಡುತ್ತಾ ಕೂತಿರುತ್ತಿದ್ದೆ. ನಿದ್ದೆ ಹೋಯಿತು, ಅನ್ನ ಸೇರದಾಯಿತು. ಆಗ ಅತ್ತೆ ನನ್ನನ್ನು ಮಾಕಳಿಯ ಅಮ್ಮನ ಗುಡಿಯಲ್ಲಿ ಗಾಳಿ ಬಿಡಿಸುವ ಅಜ್ಜಿಯ ಹತ್ತಿರ ಕರೆದುಕೊಂಡು ಹೋದರು. ನೀರಿನ ಬಾಟಲು, ಬೆಡ್‌ಶೀಟು ಹಿಡಿದುಕೊಂಡು ನೀನೂ ಬಂದೆ.

ಸಾಂಬ್ರಾಣಿ ಹೊಗೆ, ತಮಟೆ, ಬೇವಿನ ಸೊಪ್ಪು. ಪಕ್ಕದ ಹೆಂಗಸು ಆಗಲೇ ತೂಗಾಡುತ್ತಿದ್ದಳು. ಅವಳನ್ನು ನೋಡಿ ನಾನೂ ಶುರುಮಾಡಿದೆ. ಅಜ್ಜಿ ಸೊಪ್ಪಿನಲ್ಲಿ ಬೆನ್ನು ತಟ್ಟುತ್ತಾ, "ಯಾರಿಂದ ಆಯ್ತು? ಬಾಯಿ ಬುಡು, ಬಾಯಿ ಬುಡು" ಅಂದರು.

ಬಿಟ್ಟೆ. "ಗಂಡನ್ನ ಬಿಟ್ಟು ಬಂದವಳ ನೆರಳು. ಪ್ರೇಮಾ ನೆರಳು ನನ್ನ ಮಗೂನ ತಿಂತು."

ಥೂ, ನನ್ನ ನಾಲಿಗೆ ಸೇದಿಹೋಗಬಾರದಿತ್ತೇ? ನಿನ್ನ ಕೈಯಿಂದ ಬಾಟಲು ಬಿದ್ದ ಸದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿಕೊಂಡು ಇನ್ನೂ ಜೋರಾಗಿ ತೂಗಾಡಿದೆ.

ಅಜ್ಜಿ ಕೈಯೆತ್ತಿ ತಮಟೆ ನಿಲ್ಲಿಸಿದರು. ನೀವೆಲ್ಲ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. "ಇನ್ ಮ್ಯಾಲೆ ನಿನ್ನ ನೀನೇ ನೋಡ್ಕಬೇಕು ಕಣವ್ವ. ಬಿಸ್ನೀರು, ಗಂಜಿ, ನಿದ್ದೆ — ಅದೆಲ್ಲ ನಿಮ್ಮತ್ತೆ ನೋಡ್ಕತಾಳೆ. ಮೈ ಈಗ ಬಾಗ್ಲು ತೆಗೆದ ಮನೆ ಇದ್ದಂಗೆ. ಒಳಗೆ ಏನಾದ್ರೂ ಉಳ್ಕಂಡಿದ್ರೆ ಪಥ್ಯ ಮುಗಿಯೋದ್ರಾಗೆ ಆಡ್ಬುಡು. ಇಂಗೇ ಮಡಿಕ್ಕಂಡು ಮಲಗ್ಬ್ಯಾಡ."

"ಏನೂ ಇಲ್ಲ ಅಜ್ಜಿ" ಅಂದೆ. ಅವರು ಕೈಬಿಟ್ಟರು.

ಪಥ್ಯ ಅಮಾವಾಸ್ಯೆಯವರೆಗೆ. ಕನ್ನಡಿ ನೋಡುವಂತಿಲ್ಲ, ತಲೆ ಬಾಚುವಂತಿಲ್ಲ, ಒಗ್ಗರಣೆ ಹಾಕಿದ್ದು ತಿನ್ನುವಂತಿಲ್ಲ. ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರಿನ ಸ್ನಾನ, ಬೇರೆ ಚಾಪೆ, ಬಾಗಿಲು ಅರ್ಧ ಮುಚ್ಚಿದ ಕೋಣೆ. ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಮುಚ್ಚಿಡುವುದೇನು ಬಂತು, ಸುಖವಾಗಿ ನಿದ್ದೆ ಮಾಡಿದೆ. ಅತ್ತೆ ಅಡುಗೆಮನೆಯಲ್ಲಿ ನಿನಗೆ ಹೇಳುತ್ತಿದ್ದದ್ದು ಕೇಳಿಸಿತು: "ಪಥ್ಯ ಮುಗಿಯೋವರ್ಗೂ ಅವಳ ಮೇಲೆ ನಿನ್ನ ನೆರಳು ಬೀಳೋದು ಬೇಡ ಕಣೇ. ತಪ್ಪು ತಿಳ್ಕೋಬೇಡ ತಾಯಿ." ಹೆತ್ತ ತಾಯಿ ಹೇಳಿದ ಮಾತು ಅದು. ನಾನು ಮಗ್ಗುಲು ಬದಲಿಸಿದೆ.

ಆದರೂ ಗಂಜಿ ಕಾಯಿಸಿದ್ದು ನೀನೇ. ಅತ್ತೆಗೆ ಮಂಡಿನೋವು, ಒಲೆಯ ಮುಂದೆ ನಿಲ್ಲಲಾಗುತ್ತಿರಲಿಲ್ಲ. ಬಟ್ಟಲನ್ನು ಹೊಸ್ತಿಲ ಮೇಲಿಟ್ಟು, ಹಿತ್ತಲಿನ ಕಿಟಕಿಯ ಬಿಸಿಲು ನಿನ್ನ ಬೆನ್ನಿಗೆ ಬೀಳದ ಹಾಗೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆ. ನಿನ್ನ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ.

"ಅತ್ತಿಗೆ, ಗಂಜಿ ಇಟ್ಟಿದೀನಿ. ನಾನು ಈ ಕಡೆ ಇದೀನಿ, ಹೆದರ್ಕೋಬೇಡಿ. ತಗೊಳ್ಳಿ."

ಎದ್ದು ಬಂದು, ನಿನ್ನ ಕೈ ಹಿಡಿದು, ಇಲ್ಲ ಕಣೇ, ಎಲ್ಲ ಸುಳ್ಳು ಅಂತ — ಎರಡು ಹೆಜ್ಜೆ ದೂರ, ಅಷ್ಟೇ. ಗಂಜಿ ಬಿಸಿಯಾಗಿತ್ತು. ಕುಡಿದೆ.

ಪಥ್ಯ ಮುಗಿದ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಆಚೆ ಅತ್ತೆ ನಿನಗೆ, "ಸ್ವಲ್ಪ ದಿನ ಅಲ್ಲೇ ಇದ್ದು ನೋಡು. ಅವನೂ ಬುದ್ಧಿ ಕಲ್ತಿರ್ತಾನೆ" ಅನ್ನುತ್ತಿದ್ದರು. ನಿನ್ನಣ್ಣ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟರು. ನೀನು ಅದೇ ಬ್ಯಾಗು ತೆಗೆದುಕೊಂಡು ಹೋದೆ. ಎಲ್ಲಿಗೆ ಹೋಗುತ್ತಿದ್ದೀಯ ಅಂತ ನನಗೆ ಗೊತ್ತಿತ್ತು. ಅಲ್ಲಿ ಯಾರಿದ್ದಾನೆ ಅಂತಲೂ ಗೊತ್ತಿತ್ತು.

ಮುಂದೆ ನನಗೆ ಮಗಳು ಹುಟ್ಟಿದಳು. ನೋಡಿದ್ರಾ, ಮಾಕಳಿ ಅಮ್ಮ ಹೇಳಿದ್ದು ನಿಜ ಅಂದರು ಎಲ್ಲರೂ. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನೀನು. ಶಾಮಿಯಾನದ ಕಂಬದ ಹತ್ತಿರವೇ ನಿಂತುಬಿಟ್ಟೆ. "ಬೇಡ ಅತ್ತಿಗೆ. ಪಾಪುಗೇನಾದ್ರೂ ಆದ್ರೆ?" ಅಷ್ಟು ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿನ ರವಿಕೆ. ತಾಂಬೂಲಕ್ಕೆ ಕೈ ಚಾಚಿದಾಗ ತೋಳು ಸರಿಯಿತು, ನೀಲಿಗಟ್ಟಿದ್ದು ಕಂಡಿತು. ಕಂಡೂ ಕುಂಕುಮ ಕೊಟ್ಟು ಕಳಿಸಿದೆ. ನಾನು ಒಂದು ಮಾತು ಆಡಿದ್ದರೆ ನೀನು ನಮ್ಮ ಮನೆಯಲ್ಲೇ ಉಳಿಯುತ್ತಿದ್ದೆ.

ಅಂದಿನಿಂದ ಶುಕ್ರವಾರ ಸಾಂಬ್ರಾಣಿ ಹೊಗೆ ಎದ್ದರೆ ನನ್ನ ಕೈ ತಾನಾಗಿ ನಡುಗುತ್ತದೆ. ಈಗ ಅದು ನಾಟಕವಲ್ಲ. ನಿಲ್ಲಿಸಲು ನೋಡಿದ್ದೇನೆ, ನಿಲ್ಲುವುದಿಲ್ಲ.

ಈ ಯುಗಾದಿಗೆ ನೀನು ಬಂದಾಗ ಮಗಳು ಅಂಗಳದಲ್ಲಿ ನಿನ್ನ ಕಡೆ ಓಡಿದಳು. ಬಿಸಿಲಿತ್ತು. ನೀನು ಹಿಂದೆ ಹಿಂದೆ ಸರಿದು ಕಾಂಪೌಂಡಿಗೆ ತಾಗಿ ನಿಂತೆ. ನೀನು ಹೋದ ಮೇಲೆ ಮಗಳು ಕೇಳಿದಳು: "ಅಮ್ಮಾ, ಪ್ರೇಮತ್ತೆಗೆ ನಾನಂದ್ರೆ ಇಷ್ಟ ಇಲ್ವಾ?"

ಅವತ್ತಿನಿಂದ ನಿನಗೆ ಫೋನು ಮಾಡುತ್ತಲೇ ಇದ್ದೇನೆ. ಮೊದಮೊದಲು ನೀನೇ ಎತ್ತುತ್ತಿದ್ದೆ, ನನಗೇ ಬಾಯಿ ಬರುತ್ತಿರಲಿಲ್ಲ. ಈಗ ಅವನು ಎತ್ತುತ್ತಾನೆ. "ಮಲ್ಗಿದಾಳೆ." ಬೆಳಿಗ್ಗೆ ಮಾಡಿದರೂ ಮಲ್ಗಿದಾಳೆ, ಮಧ್ಯಾಹ್ನ ಮಾಡಿದರೂ ಮಲ್ಗಿದಾಳೆ.

ನಿನ್ನೆ ಊಟದ ಹೊತ್ತಿಗೆ ಅತ್ತೆಯ ಮುಂದೆ, ನಿನ್ನಣ್ಣನ ಮುಂದೆ ಎಲ್ಲವನ್ನೂ ಹೇಳಿದೆ. ಕೊಡ, ನೊಣ, ನಿನ್ನ ಹೆಸರು — ಒಂದನ್ನೂ ಬಿಡಲಿಲ್ಲ. ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು. "ಅಮ್ಮನ ವಿಷ್ಯದಲ್ಲಿ ಹಂಗೆಲ್ಲ ಅನ್ಬಾರ್ದು. ನಿಂಗೆ ಮತ್ತೆ ಮೈ ಸರಿಯಿಲ್ಲ. ಮಾಕಳಿಗೆ ಹೋಗ್ಬರೋಣ" ಅಂದರು. ಸುಳ್ಳು ಹೇಳಿದಾಗ ದೇವರ ಮಾತು ಅಂತ ಕೈಮುಗಿದವರು, ನಿಜ ಹೇಳಿದಾಗ ಹುಚ್ಚು ಅನ್ನುತ್ತಿದ್ದಾರೆ. ಅವರನ್ನು ಬೈಯಲಾರೆ. ನಂಬಿಸಿದವಳು ನಾನು.

ನೀನೂ ನಂಬದೆ ಇರಬಹುದು. ಪಾಪ, ಅತ್ತಿಗೆಗೆ ಮತ್ತೆ ಗಾಳಿ ಸೋಕಿದೆ ಅಂದುಕೊಳ್ಳಬಹುದು. ಅದಕ್ಕೇ ಮಗಳನ್ನು ನಿನ್ನ ಬಾಗಿಲಿಗೇ ಕರೆದುಕೊಂಡು ಬಂದಿದ್ದೇನೆ. ನಿನ್ನ ಬ್ಯಾಗು ಇಡಲು ನನ್ನ ಬೀರುವಿನಲ್ಲಿ ಜಾಗ ಮಾಡಿ ಬಂದಿದ್ದೇನೆ. ನಿನ್ನಣ್ಣ ಕೆಳಗೆ ರಸ್ತೆಯಲ್ಲಿ ಸ್ಕೂಟರಿನ ಪಕ್ಕ ನಿಂತಿದ್ದಾರೆ. ಮೆಟ್ಟಿಲು ಹತ್ತಲು ಅವರ ಕಾಲು ಬರುತ್ತಿಲ್ಲ. ಯಲಹಂಕದಿಂದ ಇಲ್ಲಿಯವರೆಗೆ ಈ ಮಾತುಗಳನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬಂದೆ. ನಿನ್ನ ಮುಖ ಕಂಡರೆ ಇವುಗಳಲ್ಲಿ ಎಷ್ಟು ಉಳಿಯುತ್ತವೋ ಗೊತ್ತಿಲ್ಲ.

ಪಕ್ಕದಿಂದ ಒಳ್ಳೇ ಬಿಸಿಲು ಬೀಳುತ್ತಿದೆ, ಪ್ರೇಮಾ. ಬಾಗಿಲು ತೆಗೆದು ಹೊರಗೆ ಕಾಲಿಟ್ಟವರ ನೆರಳು ಮೈತುಂಬಾ ಬೀಳುವ ಹಾಗೆ ಮಗಳನ್ನು ಹೊಸ್ತಿಲ ಹತ್ತಿರವೇ ನಿಲ್ಲಿಸಿ ಕೈ ಹಿಡಿದುಕೊಂಡಿದ್ದೇನೆ. ಬೆಲ್ಲು ಒತ್ತಿ ಆಗಲೇ ತುಂಬ ಹೊತ್ತಾಯಿತು. ಒಳಗಿಂದ ಯಾರೋ ನಿಧಾನವಾಗಿ ನಡೆದು ಬರುತ್ತಿದ್ದಾರೆ.

ನೀನೇ ಆಗಿರು.