ಸರ್ ಕೆಮ್ಮು, ನನ್ನ ಪಾಠ

ಮೊದಲೇ ಹೇಳಿಬಿಡುತ್ತೇನೆ, ದಡ್ಡತನ ನನ್ನದು. ನನಗೆ ವಿಜ್ಞಾನ ಎಷ್ಟು ಬರುತ್ತದೆ ಎಂದು ನೋಡಲು ಕರೆದ ಕಡೆಗೆ ನಾನು ಇನ್ನೊಬ್ಬರ ದನಿ ತೊಟ್ಟುಕೊಂಡು ಹೋದೆ. ದನಿಯಷ್ಟೇ ಅಲ್ಲ. ಅವರ ಕೆಮ್ಮು, ಸೀಮೆಸುಣ್ಣವನ್ನು ಬೀಡಿಯ ಹಾಗೆ ಹಿಡಿಯುವ ರೀತಿ, ಮಾತಿನ ನಡುವೆ ಕನ್ನಡಕ ಏರಿಸುವ ಬೆರಳು, ಎಲ್ಲವನ್ನೂ. ಇಷ್ಟು ಒಪ್ಪಿಕೊಂಡ ಮೇಲೆ, ಆ ಇನ್ನೊಬ್ಬರು ನನಗೆ ಮಾಡಿದ್ದನ್ನು ಹೇಳುವ ಹಕ್ಕು ನನಗೂ ಇದೆ.

ಪುಣೆಯಲ್ಲಿ ನಾನು ಓದಿದ್ದು ಕನ್ನಡ ಮಾಧ್ಯಮದ ಶಾಲೆಯಲ್ಲಿ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮತ್ತೆ ಅದೇ ಶಾಲೆಗೆ ವಿಜ್ಞಾನ ಕಲಿಸಲು ಬಂದೆ, ಆದರೆ ತಾಸಿನ ಮಾಸ್ತರನಾಗಿ. ಅಂದರೆ ಪಾಠ ನಡೆದಷ್ಟು ತಾಸಿಗೆ ಸಂಬಳ. ದೀಪಾವಳಿ ರಜೆ ಬಂದರೆ ಮಕ್ಕಳಿಗೆ ಹಬ್ಬ, ನನಗೆ ಉಪವಾಸ. ತಳೇಗಾಂವದ ನಮ್ಮ ಓಣಿಯಲ್ಲಿ ಯಾರಾದರೂ, "ಮಗನ ನೌಕರಿ ಪರ್ಮನಂಟ್ ಆತೇನ್ರಿ?" ಎಂದು ಕೇಳಿದರೆ ನಮ್ಮವ್ವ, "ಆಗೂದದರಿ" ಅನ್ನುತ್ತಿದ್ದಳು. ಎರಡು ವರ್ಷದಿಂದ ಆಗೂದಿತ್ತು.

ಶಾಲೆಯಲ್ಲಿ ನನಗೆ ಹೆಸರು ಬಂದಿದ್ದು ಪಾಠದಿಂದಲ್ಲ, ಅಣಕದಿಂದ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಓಡಿಸುವ ಮುಖ್ಯೋಪಾಧ್ಯಾಯಿನಿ ಹೆಡ್ ಬಾಯಿಯವರನ್ನು ಮಾಡುತ್ತಿದ್ದೆ: "ಅರೆ, ಬಸಾ ನಾ, ಚಾ ತಗೋರಿ, ಬಟ್ ಕ್ವಿಕ್ಲಿ." ಸಂಸ್ಥೆಯ ಅಧ್ಯಕ್ಷರು ಬಟ್ಟೆ ವ್ಯಾಪಾರಿಗಳು. ಎದುರಿನವರ ಅಂಗಿಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿಯೇ ಮಾತು ಶುರುಮಾಡುವವರು, ಅವರನ್ನೂ ಮಾಡುತ್ತಿದ್ದೆ. ಸಂಬಳ ಯಾವಾಗ ಎಂದು ಕೇಳಲು ಹೋಗಿ, ಹವಾಮಾನ ವಿಚಾರಿಸಿ ವಾಪಸು ಬರುವ ನನ್ನನ್ನೂ ಮಾಡುತ್ತಿದ್ದೆ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ನಗು.

ಆದರೆ ನನ್ನ ದೊಡ್ಡ ಐಟಂ ಎಂದರೆ ಸರ್. ನನಗೆ ಐದರಿಂದ ಹತ್ತನೆಯವರೆಗೆ ವಿಜ್ಞಾನ ಕಲಿಸಿದವರು. ವಿಜಾಪುರದ ಕಡೆಯವರು, ನಿವೃತ್ತರಾಗಿ ಖಡಕಿಯಲ್ಲಿ ಮಗನ ಕ್ವಾರ್ಟರ್ಸಿನಲ್ಲಿ ಇದ್ದರು. ಶಾಲೆಯ ವಾರ್ಷಿಕೋತ್ಸವದ ಒಂದು ಗ್ಯಾದರಿಂಗಿನಲ್ಲಿ ವೇದಿಕೆ ಹತ್ತಿ ಅವರ ಪಾಠವನ್ನು ಅವರೆದುರೇ ಮಾಡಿ ತೋರಿಸಿದೆ. ಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಪಕ್ಕದವರಿಗೆ ಕೇಳುವಂತೆ, "ಇಂವ ನನಗಿಂತ ಚಲೋ ನಾನು ಆಗ್ಯಾನ" ಅಂದರು. ಅದನ್ನು ನಾನು ಸರ್ಟಿಫಿಕೇಟು ಎಂದೇ ಇಟ್ಟುಕೊಂಡೆ. ತರಗತಿಯಲ್ಲಿ ಹುಡುಗರು ಗದ್ದಲ ಮಾಡಿದರೆ ಸರ್ ದನಿ ತೆಗೆಯುತ್ತಿದ್ದೆ; ಸುಮ್ಮನಾಗುತ್ತಿದ್ದರು. ಬರಬರುತ್ತ ಇಡೀ ಪಾಠವನ್ನೇ ಅದೇ ದನಿಯಲ್ಲಿ ಮಾಡತೊಡಗಿದೆ. ದನಿಯ ಜೊತೆ ಮಾತೂ ಅವರದೇ ಬರುತ್ತಿತ್ತು, ಓದುವ ಕೆಲಸ ತಪ್ಪುತ್ತಿತ್ತು.

ಕಳೆದ ಬೇಸಿಗೆಯಲ್ಲಿ ವಿಜ್ಞಾನದ ಕಾಯಂ ಹುದ್ದೆ ಖಾಲಿಯಾಯಿತು. ಶಿಕ್ಷಕರ ಅರ್ಹತಾ ಪರೀಕ್ಷೆ ನಾನು ಪಾಸು ಮಾಡಿದ್ದೆ. ಆದರೆ ನಮ್ಮ ಅಧ್ಯಕ್ಷರಿಗೆ ಅದರಲ್ಲಿ ನಂಬಿಕೆಯಿಲ್ಲ. "ಪೆನ್ಸಿಲ್ ತಗೊಂಡು ಗೋಲ ತುಂಬಿದ್ರ ಮಾಸ್ತರ ಆಗ್ತಾನೇನ್ರಿ? ಬಟ್ಟೀ ಥಾನು ಬಿಚ್ಚಿ ನೋಡಬೇಕು" ಅನ್ನುವವರು. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ. ಅಭ್ಯರ್ಥಿ ಒಂದು ಪಾಠ ಮಾಡಬೇಕು. ಅಧ್ಯಕ್ಷರು, ಹೆಡ್ ಬಾಯಿ ಮತ್ತು ಹೊರಗಿನಿಂದ ಬಂದ ಒಬ್ಬ ವಿಷಯ ತಜ್ಞರು ಮಕ್ಕಳ ಬೆಂಚಿನ ಮೇಲೆ ಮಕ್ಕಳಾಗಿ ಕೂತು ಪ್ರಶ್ನೆ ಕೇಳುತ್ತಾರೆ. ಉತ್ತರ ಬಂದರೆ ವಿಷಯ ಗೊತ್ತಿದೆ ಎಂದರ್ಥ. ಆ ಸಲದ ವಿಷಯ ತಜ್ಞರು ಯಾರು ಗೊತ್ತೆ? ಸರ್.

ನನ್ನಷ್ಟು ಸುಖಿ ಆ ವಾರ ತಳೇಗಾಂವದಿಂದ ಶಾಲೆಗೆ ಹೋಗುವ ಲೋಣಾವಳಾ ಲೋಕಲ್ ರೈಲಿನಲ್ಲಿ ಇನ್ನೊಬ್ಬನಿರಲಿಲ್ಲ. ಅದರ ಮೇಲೆ ಸರ್ ತಾವಾಗಿಯೇ ಫೋನು ಮಾಡಿದರು.

"ಯಾವ ಪಾಠ ಮಾಡಾಂವಲೇ?"

"ನೀವ ಹೇಳ್ರಿ ಸರ್."

"ಮೇಣದಬತ್ತಿದು ಮಾಡು. ನಿನಗ ಬಾಯಿಪಾಠ ಅದ. ರವಿವಾರ ಮನೀಗೆ ಬಾ, ಒಮ್ಮೆ ಮಾಡಿ ತೋರಿಸು."

ಪರೀಕ್ಷಕರ ಮನೆಯಲ್ಲೇ ತಾಲೀಮು. ಇದು ನ್ಯಾಯವೇ ಎಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ನ್ಯಾಯ ನೆನಪಾಗುವುದು ಸೋತ ಮೇಲೆ.

ಭಾನುವಾರ ಅದೇ ರೈಲು ಹಿಡಿದು ಖಡಕಿಯಲ್ಲಿ ಇಳಿದು ಹೋದೆ. ಸರ್ ಹೆಂಡತಿಯನ್ನು ನಾವು ವಿದ್ಯಾರ್ಥಿಗಳೆಲ್ಲ ಬಾಯಾರು ಎಂದೇ ಕರೆಯುವುದು. ಅವರು ಸ್ಟೀಲಿನ ತಾಟು, ಗಾಜಿನ ಲೋಟ ಕೊಟ್ಟು, ಡ್ರಾವರಿನಿಂದ ಕರೆಂಟು ಹೋದಾಗ ಹಚ್ಚುವ, ಅರ್ಧ ಉರಿದ ಕೆಂಪು ಮೇಣದಬತ್ತಿಯನ್ನು ತೆಗೆದುಕೊಟ್ಟರು. ಪಾಠ ಎಲ್ಲರಿಗೂ ಗೊತ್ತಿರುವುದೇ. ತಾಟಿನಲ್ಲಿ ನೀರು ಹಾಕಿ, ನಡುವೆ ಬತ್ತಿ ಹಚ್ಚಿ ನಿಲ್ಲಿಸಿ, ಮೇಲೆ ಲೋಟ ಬೋರಲು ಹಾಕಬೇಕು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಆಗ ಸರ್ ದನಿಯಲ್ಲಿ, ಒಂದು ಕೆಮ್ಮು ಕೆಮ್ಮಿ, ಹೇಳಬೇಕು: "ಹಾಂ, ನೋಡ್ರಿ. ಗಾಳಿಯೊಳಗ ಆಮ್ಲಜನಕ ಐದನೇ ಒಂದು ಪಾಲು. ಬತ್ತಿ ಅದನ್ನ ಉರಿಸಿ ತಿಂತು. ಖಾಲಿ ಬಿದ್ದ ಜಾಗಾಕ್ಕ ನೀರು ಬಂತು. ಎಷ್ಟು ಬಂತು? ಐದನೇ ಒಂದು ಪಾಲು."

ನಮ್ಮ ಬೆಂಚಿನ ಮೇಲೆ ಕೂತು ಎಷ್ಟು ಮಕ್ಕಳು ಇದನ್ನು ಕಲಿತರೋ. ಎಲ್ಲರಿಗೂ ಕಲಿಸಿದವರು ಒಬ್ಬರೇ.

ಮುಗಿಸಿದ ಮೇಲೆ ನಾನು ಕೇಳಿದೆ, "ಸರ್, ಕೆಮ್ಮು ಬರೋಬ್ಬರಿ ಬಂತಿಲ್ರಿ?"

ಸರ್ ತಾಟನ್ನು ನೋಡುತ್ತ ಇದ್ದರು. ಕಣ್ಣೆತ್ತದೆ, "ಬರೋಬ್ಬರಿ ಬಂತು" ಅಂದರು.

ಬಾಯಾರು ಚಹಾ ತಂದರು. ನಾನು ಅಧ್ಯಕ್ಷರನ್ನೂ ಮಾಡಿ ತೋರಿಸಿದೆ, ಎಲ್ಲರೂ ನಕ್ಕೆವು. ಮನೆಗೆ ಹೋಗಿ ಅವ್ವನಿಗೆ, "ಇನ್ನ ಆಗೂದದ ಅನಬ್ಯಾಡ, ಆತು ಅಂತ ಹೇಳು" ಅಂದೆ. ಅವಳು ಹೇಳಿಯೂ ಬಿಟ್ಟಳು, ಎರಡು ಮನೆಗೆ.

ಸಂದರ್ಶನದ ದಿನ ನನಗಿಂತ ಮೊದಲು ಪಾಠ ಮಾಡಿದವರು ಮೈಸೂರಿನ ಕಡೆಯ ಒಬ್ಬ ಹೆಣ್ಣುಮಗಳು. ಗಂಡನ ಐಟಿ ಕೆಲಸಕ್ಕಾಗಿ ಪುಣೆಯ ಮಗರಪಟ್ಟಾದಲ್ಲಿ ಇದ್ದವರು. ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡೆ. ಆಕೆಯ ಪಾಠ ಕನ್ನಡಿಯದು; ಸರ್ ಅದರ ಬಗ್ಗೆ ಏನೋ ಕೇಳಿದರು. ಆಕೆ, "ಅದು ನಂಗೆ ಗೊತ್ತಿಲ್ಲ ಸರ್. ಇಲ್ಲಿ ಕನ್ನಡಿ ಇದ್ಯಲ್ಲ, ಟ್ರೈ ಮಾಡಿ ನೋಡ್ಲಾ?" ಅಂದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಈಕೆಯ ಕೆಲಸ ಕೆಟ್ಟಿತು ಎಂದು ನನಗೆ ಪಾಪ ಅನ್ನಿಸಿತು. ಆ ಮಾತನ್ನು ಸಂಜೆ ಸ್ಟಾಫ್ ರೂಮಿನಲ್ಲಿ ಹೇಗೆ ಅಣಕಿಸಬೇಕು ಎಂದೂ ಹೊಳೆಯಿತು.

ನನ್ನ ಸರದಿ ಬಂತು. ದನಿ, ಬೆರಳು, ಕೆಮ್ಮು, ಯಾವುದೂ ಕೈಕೊಡಲಿಲ್ಲ. ಬತ್ತಿ ಆರಿತು, ನೀರು ಏರಿತು, ನಾನು ಐದನೇ ಒಂದು ಪಾಲಿಗೆ ಬಂದು ನಿಂತೆ. ಅಧ್ಯಕ್ಷರು ಸಣ್ಣ ಬೆಂಚಿನಲ್ಲಿ ಹೊಟ್ಟೆ ಸಿಕ್ಕಿಸಿಕೊಂಡು ಕುಲುಕುಲು ನಗುತ್ತಿದ್ದರು. ಹೆಡ್ ಬಾಯಿ, "ಸೇಮ್ ಟು ಸೇಮ್ ನಾ" ಅಂದರು. ಆಗ ಸರ್ ಕೈ ಎತ್ತಿದರು, ಐದನೆಯ ತರಗತಿಯ ಹುಡುಗನ ಹಾಗೆ.

"ನನ್ನದೊಂದು ಪ್ರಶ್ನೆ ಅದರಿ."

ಐದನೆಯ ತರಗತಿಯಿಂದಲೂ ನನ್ನನ್ನು ಲೇ ಅಂದವರು. ಆ "ರಿ" ಕೇಳಿದಾಗಲೇ ಬೀಡಿಯ ಹಾಗೆ ಹಿಡಿದಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲೆ ಇಟ್ಟೆ.

ಅವರು ಜುಬ್ಬಾದ ಕಿಸೆಗೆ ಕೈ ಹಾಕಿ ಮೂರು ಮೇಣದಬತ್ತಿ ತೆಗೆದು ಬೆಂಚಿನ ಮೇಲೆ ಇಟ್ಟರು. ಎರಡು ಹೊಸವು, ಸಣ್ಣವು. ಒಂದು ಅರ್ಧ ಉರಿದ ಕೆಂಪು ತುಂಡು, ಭಾನುವಾರ ಅವರ ಮನೆಯಲ್ಲಿ ನಾನೇ ಹಚ್ಚಿದ್ದು.

"ಒಂದರ ಬದಲಿ ಮೂರು ಹಚ್ಚಿ, ಅದ ಲೋಟಾ ಇಡ್ರಿ."

ಇಟ್ಟೆ. ಬತ್ತಿಗಳು ಬೇಗ ಆರಿದವು. ನೀರು ಏರಿತು. ಮೊದಲ ಸಲ ಏರಿದ ಮಟ್ಟವನ್ನು ದಾಟಿ ಏರಿತು. ಏರುತ್ತಲೇ ಹೋಯಿತು.

"ಲೋಟಾ ಅದ. ಅದರೊಳಗಿನ ಆಮ್ಲಜನಕ ಮೊದಲಿನಷ್ಟ. ಬತ್ತಿ ಮೂರಾದ್ರ ನೀರು ಹೆಚ್ಚು ಯಾಕ ಏರಬೇಕ್ರಿ?"

ನನಗೆ ಗೊತ್ತಿರಲಿಲ್ಲ. ಬಿ.ಎಸ್ಸಿ. ಮುಗಿಸಿದವನಿಗೆ ಒಂದು ನಿಮಿಷ ಸುಮ್ಮನೆ ನಿಂತು ಯೋಚಿಸಿದ್ದರೆ ಹೊಳೆಯುವಂಥದ್ದೇ. ಉರಿಯುವ ಬತ್ತಿಗಳು ಗಾಳಿಯನ್ನು ಕಾಯಿಸಿ ಹಿಗ್ಗಿಸಿರುತ್ತವೆ. ಲೋಟ ಇಡುವಾಗಲೇ ಒಂದಿಷ್ಟು ಹೊರಗೆ ಹೋಗಿರುತ್ತದೆ. ಬತ್ತಿ ಆರಿ ಒಳಗಿನದು ತಣ್ಣಗಾಗಿ ಕುಗ್ಗಿದಾಗ ನೀರು ಏರುತ್ತದೆ. ಬತ್ತಿ ಹೆಚ್ಚಾದರೆ ಕಾವು ಹೆಚ್ಚು, ನೀರೂ ಹೆಚ್ಚು. ಇದನ್ನೆಲ್ಲ ನಾನು ಆಮೇಲೆ ಲೋಕಲ್ಲಿನಲ್ಲಿ ಬಾಗಿಲಿಗೆ ಜೋತುಬಿದ್ದು ಮೊಬೈಲಿನಲ್ಲಿ ಓದಿದೆ. ಅಲ್ಲಿ, ಆ ಹೊತ್ತಿಗೆ, ನಾನು ಮಾಡಿದ್ದು ಏನೆಂದರೆ, ಕೆಮ್ಮಿದೆ. ಸರ್ ಹಾಗೆ.

ಅಧ್ಯಕ್ಷರು ಮತ್ತೆ ನಕ್ಕರು. ಸರ್ ನಗಲಿಲ್ಲ. ನಾನು ಅಣಕ ಬಿಟ್ಟು ನನ್ನ ದನಿಯಲ್ಲಿ, ಅದು ಎಷ್ಟು ಸಣ್ಣದಾಗಿತ್ತೆಂದು ನನಗೇ ಆಶ್ಚರ್ಯ, ಕೇಳಿದೆ: "ಸರ್, ಇದನ್ನ ನಮಗ ನೀವ ಅಲ್ಲೇನ್ರಿ ಕಲಿಸಿದ್ದು?"

ಸರ್ ಕನ್ನಡಕ ಏರಿಸಿ, ಶುದ್ಧ ಪುಸ್ತಕದ ಕನ್ನಡದಲ್ಲಿ ಹೇಳಿದರು: "ಅಭ್ಯರ್ಥಿಗಳು ವಿಷಯಕ್ಕೆ ಬರಬೇಕು."

ಹುದ್ದೆ ಕನ್ನಡಿಯ ಹೆಣ್ಣುಮಗಳಿಗೆ ಹೋಯಿತು. ಹೆಡ್ ಬಾಯಿ ನನ್ನನ್ನು ಪಕ್ಕಕ್ಕೆ ಕರೆದು, "ತಾಸು ಕಂಟಿನ್ಯೂ ನಾ, ಕಾಳಜಿ ಮಾಡಬ್ಯಾಡ್ರಿ" ಅಂದರು. ಅವ್ವ ಆ ಎರಡು ಮನೆಗಳ ಮುಂದೆ ಹಾಯುವುದನ್ನು ಬಿಟ್ಟು ಸುತ್ತುಹಾಕಿ ಹಾಲು ತರತೊಡಗಿದಳು. ಪಾಠ ಆರಿಸಿಕೊಟ್ಟವರು ಸರ್. ತಾಲೀಮು ನೋಡಿದವರು ಅವರು. ಬತ್ತಿ ಕಿಸೆಯಲ್ಲಿಟ್ಟುಕೊಂಡು ಬಂದವರೂ ಅವರೇ. ಕೈ ಜಾರಿ ಬಿದ್ದ ಪ್ರಶ್ನೆಯಲ್ಲ ಅದು, ಮನೆಯಿಂದಲೇ ಕಟ್ಟಿಕೊಂಡು ತಂದ ಬುತ್ತಿ. ಒಂದು ವಾರ ಖಡಕಿ ಸ್ಟೇಷನ್ ಬಂದಾಗಲೆಲ್ಲ ನಾನು ಆಚೆ ಬದಿಯ ಕಿಟಕಿ ನೋಡಿದೆ. ಆಮೇಲೆ ಒಂದು ಸಂಜೆ ಇಳಿದೆ.

ಸರ್ ಮತ್ತು ಬಾಯಾರು ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ನನ್ನ ಮುಖ ನೋಡಿಯೇ ಬಾಯಾರು, "ಮೊದ್ಲ ಚಾ ಕುಡಿ, ಆಮ್ಯಾಲ ಜಗಳಾಡು" ಅಂದರು.

"ಚಾ ಬ್ಯಾಡ್ರಿ," ಅಂದೆ. "ಸರ್, ತಪ್ಪು ಕಲಿಸಿದವರು ನೀವು."

"ಹೌದು," ಅಂದರು ಸರ್. "ಮೂವತ್ತು ವರ್ಷ ಕಲಿಸೀನಿ. ರಿಟೈರ್ ಆದ ಮ್ಯಾಲ ಒಂದಿನ ಕರೆಂಟ್ ಹೋಗಿತ್ತು, ಸುಮ್ನ ಕುಂತಾಂವ ಎರಡು ಬತ್ತಿ ಇಟ್ಟು ಲೋಟಾ ಮುಚ್ಚಿ ನೋಡಿದೆ. ಅವತ್ತು ಗೊತ್ತಾತು."

"ನನ್ನ ತಾಟಿಗೆಲ್ಲ ಮೇಣಾ," ಅಂದರು ಬಾಯಾರು. "ಎರಡು ದಿನ ಊಟ ಬಿಟ್ಟಿದ್ರು."

"ಅಂದ್ರ ರವಿವಾರ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ನನ್ನ ಮುಂದ ಕುಂತು, ನಾ ತಪ್ಪು ಹೇಳೂದು ಕೇಳಿ, ಚಾ ಕುಡಿಸಿ ಕಳಿಸಿದ್ರಿ. ಎಲ್ಲಾರ ಮುಂದ ಕೆಡವಿ ನಕ್ರಿ."

"ನಾ ನಗಲಿಲ್ಲ."

"ಮತ್ತ ಅವತ್ತ ಯಾಕ ಹೇಳಲಿಲ್ರಿ? ಒಂದ ಮಾತು ಹೇಳಿದ್ರ ಆಗ್ತಿತ್ತಲ್ರಿ ಸರ್."

ಸರ್ ಕೈಯಲ್ಲಿದ್ದ ಮೆಂತ್ಯದ ಕಡ್ಡಿಯನ್ನು ಪೇಪರಿನ ಮೇಲೆ ಇಟ್ಟರು.

"ಅವತ್ತ ನೀ ಕೇಳಿದ್ದು ಒಂದ ಪ್ರಶ್ನೆ, ಕೆಮ್ಮು ಬರೋಬ್ಬರಿ ಬಂತಿಲ್ರಿ ಅಂತ. ಬಂತು ಅಂದೆ. ನೀರು ಯಾಕ ಏರ್ತದ ಅಂತ ಕೇಳಿದ್ರ ಅದನ್ನೂ ಹೇಳ್ತಿದ್ದೆ."